ಬೋಣಿ ಹೊತ್ತಿನಲ್ಲೊಂದು ‘ಇಲ್ಲ’

ನಮ್ಮ ಕಡೆ ಅಂಗಡಿಯವರ ಬಾಯಲ್ಲಿ ‘ಇಲ್ಲ’ ಎನ್ನುವ ಮಾತು ಬರುವುದಿಲ್ಲ. ಬೆಳಿಗ್ಗೆ ಬೋಣಿಯಾಗುವ ಮೊದಲಂತೂ ಗಂಟಲಿಗೆ ಕೈ ಹಾಕಿ ಎಳೆದರೂ ಬರುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೂ ಅಷ್ಟೆ. ಸಕ್ಕರೆ ಮುಗಿದಿದ್ದರೆ ‘ಸಂಜೆಗೆ ಬರುತ್ತೆ’ ಅಂತಾರೆ. ಕೇಳಿದ ಬಣ್ಣದ ದಾರ ಸಿಗದಿದ್ದರೆ ‘ನಾಳೆ ಈ ಕಡೆ ಬನ್ನಿ’ ಅಂತಾರೆ. ದಾರಿ ಕೇಳಿದವರಿಗೂ ಇದೇ ಮರ್ಯಾದೆ: ‘ಹಂಗೇ ಮುಂದಕ್ಕೋಗಿ, ಅಲ್ಲಿ ಯಾರನ್ನಾದ್ರೂ ಕೇಳಿ.’ ಗೊತ್ತಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರೆ ಕೇಳಿದವರ ಮನಸ್ಸಿಗೆ ಎಷ್ಟು ನೋವಾಗಬಾರದು? ಇಂಥ ನಾಲ್ಕು ಊರಿನ ನಾಲ್ಕು ಅಂಗಡಿಯವರನ್ನು ಕೂಡಿಸಿ ಇಂಟರ್‌ನೆಟ್ ನಡೆಸುವುದನ್ನು ಕಲಿಸಲು ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಯೊಂದು ಹೊರಟಿತು. ಪಾಪ.

ಆ ನಾಲ್ವರಲ್ಲಿ ನಾನೊಬ್ಬಳು. ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಮುಂದೆ ಎಸ್‌ಟಿಡಿ ಬೂತ್, ಒಳಗೆ ಟೈಪ್‌ರೈಟರ್‌ಗಳ ಸಾಲು. ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಯುವವರು ಕಡಿಮೆಯಾದರು, ನಾನೂ ಒಂದು ಕಂಪ್ಯೂಟರ್ ತಂದಿಟ್ಟೆ. ನನಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಊರಿಗೆಲ್ಲ ಅದೇ ಚಿಂತೆ, ನನಗೆ ಮಾತ್ರ ಅಂಗಡಿಯ ಚಿಂತೆ.

ಚಿಂತೆಗೆ ಕಾರಣ ನಮ್ಮಣ್ಣ. ಅಪ್ಪ ಹೋಗುವಾಗ ‘ಕಳವಾರದ ಹೊಲ ಅವನಿಗೆ, ಅಂಗಡಿ ಇವಳಿಗೆ’ ಎಂದು ಎಲ್ಲರ ಮುಂದೆ ಹೇಳಿ ಹೋಗಿದ್ದರು. ಅಣ್ಣ ಹೊಲವನ್ನೂ ನೋಡಿಕೊಂಡ, ಅಂಗಡಿಯ ಮೇಲೂ ಕಣ್ಣಿಟ್ಟ. ಗೊಬ್ಬರದ ಅಂಗಡಿ ಇಡಬೇಕು ಅಂತ ಅವನಿಗೆ ಆಸೆ. ‘ಈ ಟಕಟಕ ಎಷ್ಟು ದಿನ ನಡೆಯುತ್ತಮ್ಮಾ? ಯುಗಾದಿ ಹೊತ್ತಿಗೆ ಇಲ್ಲಿ ಗೊಬ್ಬರ ಇಳಿಸಣ’ ಎಂದು ಒಂದು ದಿನ ಬಂದವನು, ಎರಡು ಮೂಟೆ ಯೂರಿಯಾ ತಂದು ಮೂಲೆಯಲ್ಲಿ ಇಟ್ಟೇಬಿಟ್ಟ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕ್ತಾರಲ್ಲ, ಹಾಗೆ. ನಾನು ಬಾಯಿಬಡುಕಿ ಅಂತ ಊರಿಗೇ ಹೆಸರಾದವಳು. ಆದರೆ ಅವನೆದುರು ಮಾತ್ರ ‘ನೋಡಣ ಅಣ್ಣಾ, ಹಬ್ಬ ಬರ್ಲಿ’ ಅಂದೆ. ಆಮೇಲೆ ಅವನು ಕೇಳಿದಾಗಲೆಲ್ಲ ‘ನೋಡಣ ಅಣ್ಣಾ’. ಒಳಗೊಳಗೆ ಕುದಿಯುತ್ತಿದ್ದೆ. ಗಿರಾಕಿಗಳ ಮೇಲೆ ರೇಗುತ್ತಿದ್ದೆ, ಟೈಪ್‌ರೈಟರ್ ಮೇಲೆ ಕುಟ್ಟುತ್ತಿದ್ದೆ. ಅಣ್ಣನಿಗೆ ಮಾತ್ರ ‘ನೋಡಣ’.

ಅಂಥ ಹೊತ್ತಿನಲ್ಲಿ ಕಂಪನಿಯವರು ಬಂದರು. ಆಗ ನಮ್ಮೂರುಗಳಿಂದ ಇಂಟರ್‌ನೆಟ್ ಬೇಕೆಂದರೆ ಬೆಂಗಳೂರಿಗೆ ಎಸ್‌ಟಿಡಿ ಹಚ್ಚಬೇಕಾಗಿತ್ತು. ಮೀಟರ್ ಓಡುವುದು ನೋಡಿದರೆ ಗಿರಾಕಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮೂರಲ್ಲೇ ಕಂಪನಿಯ ಪೆಟ್ಟಿಗೆಯೊಂದು ಕೂತರೆ ಲೋಕಲ್ ಕಾಲ್‌ನಲ್ಲೇ ಕೆಲಸ ಆಗುತ್ತದೆ. ಪೆಟ್ಟಿಗೆ ಇಡುತ್ತೇವೆ, ಇಟ್ಟ ಜಾಗಕ್ಕೆ ಬಾಡಿಗೆಯನ್ನೂ ಕೊಡುತ್ತೇವೆ, ಆದರೆ ಅದಕ್ಕೆ ಮೊದಲು ನಾಲ್ಕೂ ಊರಿನವರು ಒಬ್ಬರ ಇ-ಮೇಲ್ ಕಾಗದ ಒಬ್ಬರು ಸರಿಯಾಗಿ ದಾಟಿಸುತ್ತೀರಾ ನೋಡಬೇಕು ಅಂದರು. ಪೆಟ್ಟಿಗೆಗೆ ನನ್ನ ಅಂಗಡಿಯ ಮೂಲೆಯೇ ಸರಿ ಎಂದೂ ಅಂದರು. ಅದೇ ಮೂಲೆ, ಯೂರಿಯಾ ಕೂತಿದ್ದ ಮೂಲೆ. ಅವತ್ತೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಟ್ರೈನಿಂಗ್ ಕೊಡಲು ಬಂದವರು ಮಂಗಳೂರು ಕಡೆಯವರು. ತಲೆ ಅರ್ಧ ನರೆತಿತ್ತು, ಮಾತು ಪುಸ್ತಕದಲ್ಲಿದ್ದ ಹಾಗೆ, ಸಿಟ್ಟು ಬಂದರೆ ಮಾತ್ರ ‘ಎಂತ ಮಾರಾಯ್ರೆ’. ನಮ್ಮೂರಿನ ಒಂದು ಛತ್ರದಲ್ಲಿ ಕ್ಲಾಸು. ಛತ್ರ ಅಂದಮೇಲೆ ಅಡುಗೆಯವರು ಸುಮ್ಮನಿರುತ್ತಾರಾ? ಐದು ಜನರ ಕ್ಲಾಸಿಗೆ ಹೋಳಿಗೆ ಊಟ ಹಾಕಿದರು, ಎಲೆ ಅಡಿಕೆ ಕೊಟ್ಟರು, ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ‘ಹುಡುಗ ಯಾರಮ್ಮಾ, ಆ ನರೆತ ತಲೆಯವರಾ?’ ಎಂದು ಕೇಳಿದರು.

ನಮಗೆ ಹೆಸರುಗಳೇ ಬೇಕಾಗಲಿಲ್ಲ, ಊರಿನಿಂದಲೇ ಕರೆಯುವುದು ರೂಢಿಯಾಯಿತು. ಶಿಡ್ಲಘಟ್ಟ ಅಂದರೆ ರೇಷ್ಮೆ ನೂಲು ಬಿಚ್ಚುವ ಮನೆತನದ ಒಬ್ಬ ಭಾಯ್. ಅಣ್ಣತಮ್ಮಂದಿರು ಫಿಲೇಚರ್ ಕಾರ್ಖಾನೆ ನೋಡಿಕೊಂಡರೆ ಇವರು ಫೋನ್ ಬೂತು ನೋಡಿಕೊಳ್ಳುತ್ತಿದ್ದರು. ಚಿಂತಾಮಣಿ ಅಂದರೆ ಕೇಬಲ್ ಟಿವಿ ನಡೆಸುತ್ತಿದ್ದ ದಪ್ಪ ಮೀಸೆಯ ಆಸಾಮಿ. ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತಿತ್ತು. ಗೌರಿಬಿದನೂರು ಅಂದರೆ ರಿಟೈರ್ ಆದ ಲೆಕ್ಕದ ಮೇಷ್ಟ್ರು. ಪೆನ್ಶನ್ ಬಂದ ಮೇಲೆ ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ‘ಶಿಡ್ಲಘಟ್ಟಕ್ಕೆ ಇನ್ನೊಂದು ಹೋಳಿಗೆ ಹಾಕಿ’, ‘ಗೌರಿಬಿದನೂರಿಗೆ ಶುಗರ್ ಇದೆ, ಬೇಡ’ ಎಂದು ನಾವು ಮಾತಾಡಿಕೊಳ್ಳುತ್ತಿದ್ದರೆ ಬಡಿಸುವವರು ಮುಖ ಮುಖ ನೋಡಿಕೊಂಡರು.

ಪಾಠ ಸುಲಭವೇ ಇತ್ತು. ನಾಲ್ಕು ಕುರ್ಚಿ ಹಾಕಿ ನಮ್ಮನ್ನು ಕೂರಿಸಿದರು. ಒಂದೊಂದು ಚೀಟಿಯ ಮೇಲೆ ಒಂದೊಂದು ಊರಿನ ಹೆಸರು. ನಿಮ್ಮ ಊರಿನದಾದರೆ ಇಟ್ಟುಕೊಳ್ಳಿ, ಪಕ್ಕದವರದಾದರೆ ಪಕ್ಕಕ್ಕೆ ಕೊಡಿ. ಸರಸರ ಅಂತ ನಡೆಯಿತು. ಆಮೇಲೆ ಅವರು ‘ಮಡಿಕೇರಿ’ ಅಂತ ಬರೆದ ಚೀಟಿಯೊಂದನ್ನು ನನ್ನ ಕೈಗಿಟ್ಟರು. ಮಡಿಕೇರಿ ನಮ್ಮಲ್ಲಿ ಯಾರ ಊರೂ ಅಲ್ಲ. ನಾನು ಶಿಡ್ಲಘಟ್ಟಕ್ಕೆ ಕೊಟ್ಟೆ. ಭಾಯ್ ಎರಡೂ ಕೈಯಲ್ಲಿ ತೆಗೆದುಕೊಂಡು ಚಿಂತಾಮಣಿಗೆ ಕೊಟ್ಟರು. ಚಿಂತಾಮಣಿ ಗೌರಿಬಿದನೂರಿಗೆ, ಗೌರಿಬಿದನೂರು ನನಗೆ. ನಾನು ಮತ್ತೆ ಶಿಡ್ಲಘಟ್ಟಕ್ಕೆ. ಸುತ್ತಿ ಸುತ್ತಿ ಚೀಟಿಯ ಅಂಚು ಮೆತ್ತಗಾಯಿತು.

‘ನಿಲ್ಲಿಸಿ ಮಾರಾಯ್ರೆ!’ ಎಂದು ಅವರು ಕೂಗಿದರು. ‘ಇದಕ್ಕೆ ಲೂಪ್ ಅಂತ ಹೆಸರು. ಇಡೀ ಪ್ರಪಂಚದ ನೆಟ್‌ವರ್ಕಿನವರು ಹೆದರುವುದು ಇದಕ್ಕೇ. ವಿಳಾಸವೇ ಇಲ್ಲದ ಕಾಗದ ಬಂದರೆ ಮುಂದೆ ದಾಟಿಸುವುದಲ್ಲ, ಇಲ್ಲ ಅಂತ ಬರೆದು ಕಳಿಸಿದವರಿಗೇ ವಾಪಸ್ ಮಾಡುವುದು. ಮಡಿಕೇರಿ ಉಂಟಾ ನಿಮ್ಮಲ್ಲಿ?’

ಭಾಯ್ ಚೀಟಿಯನ್ನು ಮತ್ತೆ ಚಿಂತಾಮಣಿಯ ಕಡೆ ಚಾಚಿದರು.

‘ಉಂಟಾ ಇಲ್ಲವಾ? ಒಬ್ಬೊಬ್ಬರೇ ಬಾಯಿಬಿಟ್ಟು ಹೇಳಿ. ಹೇಳ್ಲಿಕ್ಕೆ ಎಂತ ಕಷ್ಟ?’

‘ಇರಲಿಕ್ಕಿಲ್ಲ ಅನ್ಸುತ್ತೆ’ ಎಂದರು ಮೇಷ್ಟ್ರು. ಲೆಕ್ಕದ ಮೇಷ್ಟ್ರು, ಎರಡೂ ಎರಡೂ ನಾಲ್ಕಲ್ಲದೆ ಬೇರೆ ಹೇಳಿದವರಲ್ಲ!

‘ಈಗ ಅಂತೂ ಕಾಣಿಸ್ತಾ ಇಲ್ಲ ಸಾಬ್, ಇನ್‌ಶಾ ಅಲ್ಲಾ ಮುಂದೆ ಬರಬೋದು’ ಎಂದರು ಭಾಯ್.

‘ಏಮೋ ಸಾರ್, ವಿಚಾರಿಸ್ಬೇಕು. ಎವರೋ ಒಕರು ಉಂಟಾರು’ ಎಂದು ಚಿಂತಾಮಣಿ ಮೀಸೆ ತಿರುವಿದರು. ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ ಅಂತ ಅವರ ನಂಬಿಕೆ.

ನನ್ನ ಸರದಿ ಬಂತು. ಎದೆ ಗಟ್ಟಿ ಮಾಡಿಕೊಂಡೆ, ಬಾಯಿ ತೆರೆದೆ. ‘ನಾಳೆ ಬನ್ನಿ’ ಎಂದುಬಿಟ್ಟೆ. ಅವರು ಬೋರ್ಡಿನ ಕಡೆ ತಿರುಗಿ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ನಿಂತರು.

ಟ್ರೈನಿಂಗ್ ಮುಗಿದು ಕೆಲಸ ಶುರುವಾಯಿತು. ಬೆಂಗಳೂರಿಗೆ ಫೋನ್ ಹಚ್ಚುವುದು ನನ್ನ ಅಂಗಡಿಯಿಂದ ಮಾತ್ರ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಾಲ್ಕೂ ಊರಿನ ಕಾಗದ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಮಿಕ್ಕ ಊರುಗಳಿಗೆ ಅದನ್ನು ಫ್ಲಾಪಿಯಲ್ಲಿ ತುಂಬಿ ಬಸ್ಸಿಗೆ ಹಾಕುವುದು. ಫ್ಲಾಪಿ ಅಂದರೆ ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ಕು, ಈಗಿನವರು ಕಂಡಿರಲಿಕ್ಕಿಲ್ಲ. ಗೌರಿಬಿದನೂರಿನಿಂದ ನಮ್ಮೂರು, ಶಿಡ್ಲಘಟ್ಟ ಹಾದು ಚಿಂತಾಮಣಿಗೆ ಹೋಗಿ ಬರುವ ಪ್ರೈವೇಟ್ ಬಸ್ಸೊಂದಿತ್ತು. ಕಂಡಕ್ಟರ್ ಒಪ್ಪಿಕೊಂಡರು. ಫ್ಲಾಪಿ ಕೊಳೆಯಾಗಬಾರದು, ಯಾರೂ ಮೇಲೆ ಕೂರಬಾರದು ಎಂದು ನಾನು ಮನೆಯಿಂದ ಎರಡು ಡಬ್ಬಿಯ ಸ್ಟೀಲ್ ಕ್ಯಾರಿಯರ್ ತಂದೆ. ಊರಿಗೊಂದು ಫ್ಲಾಪಿ, ಕೆಳಗಿನ ಡಬ್ಬಿಯಲ್ಲಿ. ಮೇಲಿನ ಡಬ್ಬಿ ಖಾಲಿ.

ಖಾಲಿ ಬಿಟ್ಟಿದ್ದೇ ತಪ್ಪಾಯಿತು. ಖಾಲಿ ಡಬ್ಬಿಯನ್ನು ಹಾಗೇ ವಾಪಸ್ ಕಳಿಸುವ ಮನೆ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿದೆ? ಮೊದಲನೇ ದಿನವೇ ಶಿಡ್ಲಘಟ್ಟದಿಂದ ಭಾಯ್ ಮನೆಯ ಶಾವಿಗೆ ಪಾಯಸ ತುಂಬಿಕೊಂಡು ಬಂತು. ನನಗೆ ಸುಮ್ಮನಿರಲಾಗುತ್ತಾ? ಮಾರನೇ ದಿನ ಕೋಡುಬಳೆ ತುಂಬಿದೆ. ಚಿಂತಾಮಣಿಯವರು ಕಡಲೆಕಾಯಿ ಚಟ್ನಿಪುಡಿ ಕಳಿಸಿದರು, ಗೌರಿಬಿದನೂರಿನ ಮೇಷ್ಟ್ರು ತಾವು ತಿನ್ನಲಾಗದ ಸಿಹಿಯನ್ನೆಲ್ಲ ನಮಗೆ ತಿನ್ನಿಸಿದರು. ತುಪ್ಪ ಸೋರಿ ಕೆಳಗಿನ ಡಬ್ಬಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಎದ್ದು ನನ್ನ ಮೊದಲ ಕೆಲಸ ಇಂಟರ್‌ನೆಟ್ಟಿನ ಜಿಡ್ಡು ಒರೆಸುವುದು. ಒಂದು ದಿನ ಜಂಗಮಕೋಟೆಯ ರೇಷ್ಮೆ ಬೆಳೆಗಾರರೊಬ್ಬರು ಕಾಗದ ಕೇಳಿಕೊಂಡು ಬಂದು, ತೆರೆದಿದ್ದ ಕ್ಯಾರಿಯರ್ ನೋಡಿ, ‘ಊಟದ ಹೊತ್ತಲ್ಲಿ ಬಂದ್ಬಿಟ್ನೇನಮ್ಮಾ’ ಎಂದು ಹೊರಟೇ ಹೋದರು.

ಇಷ್ಟಾದರೂ ಕಾಗದಗಳು ತಪ್ಪದೆ ತಲುಪುತ್ತಿದ್ದವು. ಆಗ ಬೆಂಗಳೂರಿನಿಂದ ಟ್ರೈನಿಂಗಿನವರ ಫೋನ್ ಬಂತು. ‘ಈ ವಾರ ಒಂದು ಪರೀಕ್ಷೆಯ ಕಾಗದ ಬರ್ತದೆ. ಯಾವುದು ಅಂತ ಹೇಳುವುದಿಲ್ಲ. ಶನಿವಾರ ನಾನೇ ಬರ್ತೇನೆ, ಅಷ್ಟರೊಳಗೆ ಅದಕ್ಕೊಂದು ಗತಿ ಕಾಣಿಸಿ. ಇದರ ಮೇಲೆ ಉಂಟು ಪೆಟ್ಟಿಗೆ’ ಎಂದರು. ಅಣ್ಣ ಅಲ್ಲೇ ಮೂಟೆಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ. ‘ಶನಿವಾರ ಆ ಪೆಟ್ಟಿಗೆ ವಿಷಯ ಗೊತ್ತಾಗ್ಲಿ. ಬರದಿದ್ರೆ ಭಾನುವಾರವೇ ಲೋಡ್ ಇಳಿಸ್ತೀನಿ. ಹಬ್ಬದ ತನಕ ಯಾಕೆ?’ ಎಂದ. ‘ನೋಡಣ ಅಣ್ಣಾ’ ಅಂದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಬಾಗಿಲು ತೆಗೆದು, ನೀರು ಹಾಕಿ, ಊದುಬತ್ತಿ ಹಚ್ಚಿ ಫೋನ್ ಹಚ್ಚಿದರೆ ಒಂದು ಕಾಗದ ಇಳಿಯಿತು: ಮ್ಯಾನೇಜರ್, ನಂದಿ ಸೆಂಟರ್. ನಂದಿಯಲ್ಲಿ ಎಲ್ಲಿಯ ಸೆಂಟರು! ಅಲ್ಲಿ ದ್ರಾಕ್ಷಿ ಇದೆ, ದೇವಸ್ಥಾನ ಇದೆ, ರೈಲು ನಿಲ್ಲುತ್ತದೆ, ಕಂಪ್ಯೂಟರ್ ಮಾತ್ರ ಕಂಡವರಿಲ್ಲ. ಇದು ಪರೀಕ್ಷೆಯ ಕಾಗದ ಇದ್ದರೂ ಇರಬಹುದು ಎಂದು ಅನಿಸದೆ ಇರಲಿಲ್ಲ. ಆದರೆ ಇನ್ನೂ ಬೋಣಿಯಾಗಿರಲಿಲ್ಲ ನೋಡಿ. ದಿನದ ಮೊದಲ ಕಾಗದಕ್ಕೇ ‘ಇಲ್ಲ’ ಎಂದು ಹೇಗೆ ಬರೆಯುವುದು? ಶಿಡ್ಲಘಟ್ಟದ ಭಾಯ್‌ಗೆ ನಾಲ್ಕು ಕಡೆ ಪರಿಚಯ, ಅವರಿಗೆ ಗೊತ್ತಿರುತ್ತದೆ ಎಂದು ಅವರ ಫ್ಲಾಪಿಗೆ ಹಾಕಿದೆ. ಜತೆಗೆ ‘ದಯವಿಟ್ಟು ವಿಚಾರಿಸಿ’ ಅಂತ ಒಂದು ಸಾಲು ಬರೆದೆ.

ಭಾಯ್ ವಿಚಾರಿಸಿದರು. ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಬಂದವರನ್ನೆಲ್ಲ ಕೇಳಿ, ‘ನಂದಿ ಕಡೆಯವರು ಯಾರೂ ಇವತ್ತು ಬಂದಿಲ್ಲ, ಚಿಂತಾಮಣಿಯವರು ನೋಡಲಿ’ ಎಂದು ತಮ್ಮ ಸಾಲು ಸೇರಿಸಿ ಮುಂದೆ ಕಳಿಸಿದರು. ಚಿಂತಾಮಣಿಯವರು ಕೇಬಲ್ ಟಿವಿಯಲ್ಲಿ ಸಿನಿಮಾದ ಮಧ್ಯೆ ಅಕ್ಷರ ಓಡಿಸಿದರು: ನಂದಿ ಸೆಂಟರಿನ ಮ್ಯಾನೇಜರ್ ಎಲ್ಲಿದ್ದರೂ ಕೂಡಲೇ ಸಂಪರ್ಕಿಸಿ. ಯಾರೂ ಸಂಪರ್ಕಿಸದಿದ್ದರಿಂದ, ‘ಮೇಷ್ಟ್ರ ಹಳೇ ಸ್ಟೂಡೆಂಟ್ ಇರಬಹುದು’ ಎಂದು ಬರೆದು ಗೌರಿಬಿದನೂರಿಗೆ ಹಾಕಿದರು. ಮೇಷ್ಟ್ರು ಹಳೇ ಸ್ಟೂಡೆಂಟ್‌ಗಳನ್ನೆಲ್ಲ ನೆನಪು ಮಾಡಿಕೊಂಡು, ಅವರಲ್ಲಿ ಮ್ಯಾನೇಜರ್ ಆಗುವ ಯೋಗ್ಯತೆ ಯಾರಿಗೆ ಇತ್ತು ಎಂದು ಒಂದು ಪುಟ ಬರೆದು, ‘ನಂದಿಗೆ ಹತ್ತಿರದವರು ನೀವೇ ಕಣಮ್ಮಾ’ ಎಂದು ನನಗೆ ಕಳಿಸಿದರು. ನಾನು ನೋಡಿದೆ. ಮೂರು ಊರಿನವರು ಇಷ್ಟು ಕಷ್ಟಪಟ್ಟ ಮೇಲೆ ಈಗ ‘ಇಲ್ಲ’ ಅಂದರೆ ಅವರಿಗೆ ಅವಮಾನ ಮಾಡಿದ ಹಾಗಲ್ಲವೇ? ‘ಇನ್ನೊಂದ್ಸಲ ನೋಡಿ ಭಾಯ್’ ಎಂದು ಬರೆದು ಮತ್ತೆ ಶಿಡ್ಲಘಟ್ಟಕ್ಕೆ ಹಾಕಿದೆ. ಛತ್ರದ ಚೀಟಿ ನೆನಪಾಗಲಿಲ್ಲವೇ ಅಂತ ನೀವು ಕೇಳಬಹುದು. ನೆನಪಾಯಿತು. ಹೋಳಿಗೆಯ ಜತೆ ನೆನಪಾಯಿತು.

ಶನಿವಾರ ಮಧ್ಯಾಹ್ನ ಟ್ರೈನಿಂಗಿನವರು ಬಂದರು. ಮೂರೂ ಊರಿನವರು ಒಳ್ಳೇ ಬಟ್ಟೆ ಹಾಕಿಕೊಂಡು ನನ್ನ ಅಂಗಡಿಗೆ ಬಂದಿದ್ದರು. ಅಣ್ಣನೂ ಬಂದು ಮೂಟೆಯ ಮೇಲೆ ಕೂತ. ಕಾಫಿಯಾಯಿತು, ನಿಪ್ಪಟ್ಟಾಯಿತು, ನಾಲ್ಕೂ ಊರಿನ ಲೆಕ್ಕಪತ್ರ ನೋಡಿದ್ದಾಯಿತು. ಅಷ್ಟರಲ್ಲಿ ಹೊತ್ತು ಇಳಿಯಿತು. ಆಮೇಲೆ ಅವರು ಕೇಳಿದರು. ‘ನನ್ನ ನಂದಿ ಕಾಗದ ಎಲ್ಲಿ?’

‘ನಮ್ಮಲ್ಲಿಂದ ಆವತ್ತೇ ಹೊರಡ್ತು ಸಾಬ್’ ಎಂದರು ಭಾಯ್. ‘ನಮ್ಮಲ್ಲೂ ನಿಲ್ಲಲಿಲ್ಲ’ ಎಂದರು ಮೇಷ್ಟ್ರು. ‘ದಾರ್‍ಲೋ ಉಂದಿ ಸಾರ್, ದಾರೀಲಿದೆ’ ಎಂದರು ಚಿಂತಾಮಣಿ. ನಿಜವೇ, ಆ ಹೊತ್ತಿಗೆ ಅದು ಬಸ್ಸಿನಲ್ಲೇ ಇತ್ತು. ಅಷ್ಟರಲ್ಲಿ ಬಸ್ಸು ಬಂದು, ಕಂಡಕ್ಟರ್ ಕ್ಯಾರಿಯರ್ ಕೊಟ್ಟು ಹೋದರು. ಟ್ರೈನಿಂಗಿನವರು ಫ್ಲಾಪಿ ಒರೆಸಿ ಹಾಕಿ ಓದತೊಡಗಿದರು. ಅವರದ್ದು ಒಂದು ಸಾಲಿನ ಕಾಗದ. ಕೆಳಗೆ ನಾವು ನಾಲ್ಕು ಜನ ಬರೆದದ್ದು ಪುಟಗಟ್ಟಲೆ. ಓದುತ್ತಾ ಓದುತ್ತಾ ಅವರು ತಲೆ ಮೇಲೆ ಕೈಯಿಟ್ಟುಕೊಂಡರು.

‘ಎಂತ ಮಾರಾಯ್ರೆ! ನಾಲ್ಕು ಜನರೂ ಇಷ್ಟು ಉಪಕಾರ ಮಾಡಿದ್ದೀರಿ, ಒಬ್ಬರಿಗೆ ಒಂದು ಶಬ್ದ ಬರೀಲಿಕ್ಕೆ ಆಗ್ಲಿಲ್ಲವಾ?’

ಅಣ್ಣ ಎದ್ದು ನಿಂತು ಕೈಯ ಸಿಪ್ಪೆ ಕೊಡವಿದ. ‘ಆಯ್ತಲ್ಲಮ್ಮಾ. ನಾಳೆ ಲೋಡ್ ಇಳಿಸ್ತೀನಿ’ ಎಂದ. ಕೋಪದಿಂದಲ್ಲ, ಮಳೆ ಬರುತ್ತೆ ಬಟ್ಟೆ ಒಳಗೆ ತಗೋ ಎನ್ನುವ ಹಾಗೆ ಹೇಳಿದ. ಅದೇ ನನಗೆ ಉರಿಯಿತು. ಅಪ್ಪ ಕೊಟ್ಟ ಅಂಗಡಿ, ಒಂದೊಂದು ಟೈಪ್‌ರೈಟರ್‌ಗೂ ನಾನೇ ಎಣ್ಣೆ ಬಿಟ್ಟು ಸಾಕಿದ ಅಂಗಡಿ. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ಕಂಪ್ಯೂಟರ್ ಮುಂದೆ ಕೂತೆ. ಬೆಂಗಳೂರಿಗೆ ಫೋನ್ ಹಚ್ಚಿದೆ. ಮೋಡೆಮ್ ಕಿರುಚಿಕೊಳ್ಳುತ್ತಿರುವಾಗ ಪಕ್ಕದ ಅಂಗಡಿಯವರು ದೀಪ ಹಚ್ಚಿ ಗಂಟೆ ಆಡಿಸಿದರು. ‘ದೀಪ ಹಚ್ಚೋ ಹೊತ್ತು ಕಣಮ್ಮಾ, ಐದು ನಿಮಿಷ ತಡಿ’ ಎಂದರು ಮೇಷ್ಟ್ರು. ಭಾಯ್ ಕಣ್ಣು ಮುಚ್ಚಿಕೊಂಡರು. ನಾನು ಇಂಗ್ಲಿಷ್ ಅಕ್ಷರದಲ್ಲಿ ಟಕಟಕ ಅಂತ ಕುಟ್ಟಿದೆ: ನಂದಿಯಲ್ಲಿ ಸೆಂಟರ್ ಇಲ್ಲ. ಇಲ್ಲ ಅಂದರೆ ಇಲ್ಲ. ಕಾಗದ ಹೊರಟುಹೋಯಿತು. ಯಾರಿಗೂ ಏನೂ ಆಗಲಿಲ್ಲ, ದೀಪವೂ ಆರಲಿಲ್ಲ.

‘ಶನಿವಾರ ಇನ್ನೂ ಮುಗಿದಿಲ್ಲ ಸಾರ್. ಪೆಟ್ಟಿಗೆ ಬರುತ್ತಾ?’ ಎಂದು ಕೇಳಿದೆ.

ಅವರು ಅಣ್ಣನನ್ನು ನೋಡಿದರು, ಮೂಟೆ ನೋಡಿದರು, ನನ್ನ ಮುಖ ನೋಡಿದರು. ‘ನೋಡುವ... ಮುಂದಿನ ವಾರ ಹೇಳ್ತೇನೆ’ ಎಂದರು.

ಮೊದಲು ನಕ್ಕಿದ್ದು ಚಿಂತಾಮಣಿ. ‘ಸಾರ್ ಮನೋಡು ಅಯಿಪೋಯಾಡು!’ ಎಂದು ತೊಡೆ ತಟ್ಟಿಕೊಂಡರು. ಸಾರ್ ನಮ್ಮವರೇ ಆಗಿಬಿಟ್ಟರಲ್ಲ ಅಂತ. ಮೇಷ್ಟ್ರು ನಕ್ಕರು, ಭಾಯ್ ನಕ್ಕರು, ಏನಾಯಿತೆಂದು ತಿಳಿದ ಮೇಲೆ ಪಾಪ ಟ್ರೈನಿಂಗಿನವರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಪೆಟ್ಟಿಗೆ ಬರುತ್ತದೋ ಇಲ್ಲವೋ ಅವತ್ತು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಬಂದಿದ್ದು ಎಷ್ಟೋ ದಿನ ಕಳೆದು, ಮುಂಗಾರು ಶುರುವಾದ ಮೇಲೆ.

‘ಸರಿ, ನಾಳೆ ಬೆಳಿಗ್ಗೆ ಗಾಡಿ ತರ್ತೀನಿ’ ಎಂದು ಅಣ್ಣ ಮೆಟ್ಟಿಲು ಇಳಿದ.

‘ಇಲ್ಲ ಅಣ್ಣಾ’ ಎಂದೆ.

ಅವನು ತಿರುಗಿ ನಿಂತ. ‘ಏನಂದೆ?’

‘ಇಲ್ಲ ಅಂದೆ. ಅಂಗಡಿ ಕೊಡಲ್ಲ. ಪೆಟ್ಟಿಗೆ ಬಂದ್ರೂ ಕೊಡಲ್ಲ, ಬರದಿದ್ರೂ ಕೊಡಲ್ಲ.’

‘ದೀಪ ಹಚ್ಚೋ ಹೊತ್ತಲ್ಲಿ ಅಣ್ಣಂಗೆ ಇಲ್ಲ ಅಂತೀಯೇನೇ?’

‘ಬೆಳಿಗ್ಗೆ ಬಾ. ಬೋಣಿ ಹೊತ್ತಲ್ಲೂ ಅಂತೀನಿ.’

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾನು ನೀರು ಹಾಕುತ್ತಿರುವಾಗಲೇ ಅವನು ಬಂದ. ಗಾಡಿ ತಂದಿರಲಿಲ್ಲ, ಸೈಕಲ್ಲಿತ್ತು. ಹ್ಯಾಂಡಲಿಗೆ ಅತ್ತಿಗೆ ಕಳಿಸಿದ ಇಡ್ಲಿಯ ಡಬ್ಬಿ ನೇತಾಡುತ್ತಿತ್ತು. ಅದು ದಿನವೂ ಬರುವ ಡಬ್ಬಿ. ಬಾಗಿಲಲ್ಲೇ ನಿಂತ. ಅವನು ಕೇಳುವ ಮೊದಲೇ ನಾನೇ ಹೇಳಿದೆ. ‘ಇಲ್ಲ ಅಣ್ಣಾ.’ ಬೋಣಿಗೆ ಮೊದಲೇ ಆ ಮಾತು ಬಂತು.

ಅವನು ಒಳಗೆ ಬಂದು ಒಂದು ಮೂಟೆಯನ್ನು ಹೆಗಲಿಗೇರಿಸಿ ಸೈಕಲ್ಲಿನ ಕ್ಯಾರಿಯರಿಗೆ ಹಗ್ಗ ಹಾಕಿ ಬಿಗಿದ. ‘ಇನ್ನೊಂದನ್ನ ಮಧ್ಯಾಹ್ನ ಬಂದು ತಗೊಂಡೋಗ್ತೀನಿ. ಡಬ್ಬಿ ಕೊಡು’ ಎಂದ.

ಇಡ್ಲಿಯನ್ನು ತಟ್ಟೆಗೆ ಹಾಕಿಕೊಂಡು ಡಬ್ಬಿ ತೊಳೆದೆ. ಖಾಲಿ ಡಬ್ಬಿ ಹಿಡಿದು ಅಂಗಡಿಯೆಲ್ಲ ನೋಡಿದೆ, ಕೊಡಲು ಏನೂ ಇರಲಿಲ್ಲ. ಕಾಫಿಗೆ ಇಟ್ಟಿದ್ದ ಸಕ್ಕರೆಯನ್ನೇ ಒಂದು ಹಿಡಿ ಹಾಕಿ ಮುಚ್ಚಳ ಒತ್ತಿ ಕೊಟ್ಟೆ. ಅವನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮುಚ್ಚಳ ತೆಗೆದು ನೋಡಿದ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ಹ್ಯಾಂಡಲಿಗೆ ನೇತುಹಾಕಿ, ಮೂಟೆ ಬೀಳದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ಕಳವಾರದ ದಾರಿ ಹಿಡಿದ.